ಹಳೆಯ ಆಂಪ್ಲಿಫೈಯರಿಗೆ ತೆಗೆದ ಕೊಂಕು

ಮೂವತ್ತೈದು ದಾಟಿದ, ಸಂಸಾರಸ್ಥನಾದ ಹೈಸ್ಕೂಲು ಮಾಸ್ತರನೊಬ್ಬ ಹಳೆಯ ಗಿಟಾರ್ ಆಂಪ್ಲಿಫೈಯರ್ ಹುಡುಕಿಕೊಂಡು ಹೊರಡಬಾರದು. ಹೊರಟರೂ ಜಮಖಂಡಿಯಿಂದ ಹೊರಡಬಾರದು. ಎರಡೂ ತಪ್ಪನ್ನು ನಾನೇ ಮಾಡಿದೆ. ಒಂದೆರಡು ದಿನವಲ್ಲ, ಹತ್ತಿರ ಹತ್ತಿರ ಎರಡು ವರ್ಷ.

ನನಗೆ ಬೇಕಾಗಿದ್ದದ್ದು ಒಳಗೆ ಗಾಜಿನ ವಾಲ್ವ್‌ಗಳಿದ್ದು, ಸ್ವಿಚ್ ಹಾಕಿದ ಮೇಲೆ ನಿಧಾನಕ್ಕೆ ಕೆಂಪಗೆ ಕಾಯುವ ಹಳೇ ಕಾಲದ ಡಬ್ಬಿ. ಸೈಬರ್ ಕೆಫೆಯಲ್ಲಿ ಕೂತು ಅಂಥವುಗಳ ಬೆಲೆ ನೋಡಿದೆ. ಆ ದುಡ್ಡಿಗೆ ನಾನು ಹುಟ್ಟಿದ ನೇಕಾರರ ಊರು ಬನಹಟ್ಟಿಯಲ್ಲಿ ಒಂದು ಹಳೇ ಪವರ್‌ಲೂಮೇ ಬರುತ್ತಿತ್ತು. ಅದಾದರೆ ದಿನಕ್ಕೆ ನಾಲ್ಕು ಸೀರೆಯನ್ನಾದರೂ ನೇಯ್ದು ಹಾಕುತ್ತಿತ್ತು. ಹಾಗಾಗಿ ಗುಜರಿ ಅಂಗಡಿಗಳೇ ಗತಿ ಎಂದುಕೊಂಡು ಭಾನುವಾರಗಳನ್ನೆಲ್ಲ ಬಸ್ಸಿನಲ್ಲಿ ಕಳೆದೆ.

ಮುಧೋಳದ ಗುಜರಿಯವನು ಯಾವುದೋ ಜೀಪಿನಿಂದ ಕಿತ್ತ ಸ್ಟೀರಿಯೋ ತೋರಿಸಿದ. ಸಮೀರವಾಡಿಯಿಂದ ಒಬ್ಬರು ಫೋನ್ ಮಾಡಿ, "ಸರ, ಭಾಳ ಹಳೇದೈತಿ, ಲಗೂನ ಬರ್ರಿ" ಎಂದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೋಗಿ ನೋಡಿದರೆ ಕೆಟ್ಟುಹೋದ ಸ್ಟೆಬಿಲೈಜರ್! "ಇದು ಆಂಪ್ಲಿಫೈಯರ್ ಅಲ್ರಿ" ಎಂದರೆ, "ಇದೂ ಕರೆಂಟಿಂದ ಅಲ್ಲೇನ್ರಿ?" ಎಂದು ನನ್ನ ಮೇಲೇ ಸಿಟ್ಟಾದರು. ಜಮಖಂಡಿಯ ರಿಪೇರಿಯವನಂತೂ, ಹೊಸದು ಕಡಿಮೆ ಬೆಲೆಗೆ ಸಿಗುವಾಗ ಹಳೆಯದನ್ನು ಹುಡುಕುವ ನನ್ನ ತಲೆಯ ಬಗ್ಗೆ ಗಿರಾಕಿಗಳ ಮುಂದೆಯೇ ಭಾಷಣ ಮಾಡಿದ. ಮನೆಯಲ್ಲಿ ಹೆಂಡತಿಯದು ಒಂದೇ ಮಾತು: "ಮನ್ಯಾಗ ಇದ್ದ ಹಳೇ ಸಾಮಾನ ಸಾಲವಲ್ದೇನ್ರಿ ನಿಮಗ?"

ಯಾಕೆ ಬೇಕಾಗಿತ್ತು ಎಂಬುದನ್ನು ಅವಳಿಗೂ ಸರಿಯಾಗಿ ಹೇಳಿರಲಿಲ್ಲ. ಕಾಲೇಜಿನ ದಿನಗಳಲ್ಲಿ ನಾನು ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದೆ. ಒಮ್ಮೆ ಬೀಳಗಿ ಕಡೆ, ನದಿ ದಂಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಗಿಟಾರಿಗೆಂದು ಬೇರೆ ಆಂಪ್ಲಿಫೈಯರ್ ಎಲ್ಲಿಂದ ಬರಬೇಕು? ಊರಿನ ಮೈಕ್‌ಸೆಟ್ಟಿನವರ ವಾಲ್ವ್ ಡಬ್ಬಿಗೇ ವೈರು ಚುಚ್ಚಿದೆ. ತಂತಿಯನ್ನು ಜೋರಾಗಿ ಮೀಟಿದಾಗ ದನಿ ತುದಿಯಲ್ಲಿ ಸ್ವಲ್ಪ ಒಡೆದು, ಖರಖರ ಎಂದು, ಬೆಚ್ಚಗೆ ಹೊರಗೆ ಬಂತು. ನಮ್ಮಪ್ಪನ ದನಿ ಹಾಗೇ ಇತ್ತು. ಮಗ್ಗಗಳ ಗದ್ದಲದಲ್ಲಿ ದಿನವಿಡೀ ಕೂಗಿ ಕೂಗಿ ಒಡೆದಿದ್ದ ಗಂಟಲು. ಅಪ್ಪ ತೀರಿಕೊಂಡ ಮೇಲೆ ಆ ಡಬ್ಬಿಯ ದನಿಯನ್ನು ಇನ್ನೊಮ್ಮೆ ಕೇಳಬೇಕು ಎಂಬುದು ನನಗೆ ಹಸಿವಿನ ಹಾಗೆ ಹತ್ತಿಕೊಂಡಿತ್ತು.

ಆದರೆ ಅಷ್ಟರಲ್ಲಿ ಆ ಹಳ್ಳಿಯೇ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾಗಿ ಹೋಗಿತ್ತು. ಡಬ್ಬಿಯೂ ಹೋಗಿರಬೇಕು ಎಂದುಕೊಂಡಿದ್ದೆ. ಒಂದು ದಿನ ಮಾತಿಗೆ ಮಾತು ಬಂದು ಆ ಮದುವೆಯ ಸುದ್ದಿ ತೆಗೆದಾಗ, ಬೀಳಗಿ ಕಡೆಯವನಾದ ನಮ್ಮ ಶಾಲೆಯ ಸಿಪಾಯಿ ಹೇಳಿದ: "ಆ ಮೈಕ್‌ಸೆಟ್ಟಿನ ಕಾಕಾ ಅದಾರಲ್ರಿ ಸರ, ಪುನರ್ವಸತಿ ಕೇಂದ್ರದಾಗ. ಡಬ್ಬೀನೂ ಐತಿ."

ಮರುದಿನವೇ ರಜೆ ಹಾಕಿ ಹೋದೆ. ಕಾಕಾ ಒಳಗಿನಿಂದ ಕಂಬಳಿ ಸುತ್ತಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ತಂದರು. "ಊರ ಬಿಡೂ ದಿನ ಉಳದದ್ದೆಲ್ಲಾ ಲಾರ್ಯಾಗ ಒಗದ್ವಿರಿ. ಇದನ್ನ ಮಾತ್ರ ತೊಡಿ ಮ್ಯಾಲ ಇಟ್ಕೊಂಡ ಬಂದೆ. ಸುತ್ತ ಹಳ್ಳ್ಯಾಗ ಇದರಂಥಾ ದನಿ ಯಾವ ಸೆಟ್ಟಿಗೂ ಇರಲಿಲ್ಲ ನೋಡ್ರಿ" ಎಂದರು. ಸ್ವಿಚ್ ಹಾಕಿದರು. ವಾಲ್ವ್‌ಗಳು ಕೆಂಪಗಾದವು. ಮೈಕಿನಲ್ಲಿ ಅವರು "ಹಲೋ" ಅಂದದ್ದೇ ತಡ, ದನಿ ತುದಿಯಲ್ಲಿ ಖರಖರ ಎಂದು ಒಡೆಯಿತು. ಅದೇ ದನಿ!

ಈಗ ನಾನು ಮಾಡಿದ್ದನ್ನು ಹೇಳಬೇಕು. ಬನಹಟ್ಟಿಯಲ್ಲಿ ಹುಟ್ಟಿದವನು ತನಗೆ ಬೇಕಾದ ಮಾಲನ್ನು ಎಂದೂ ಹೊಗಳುವುದಿಲ್ಲ. ನಮ್ಮ ಮನೆಗೆ ಸೀರೆ ಕೊಳ್ಳಲು ಬರುತ್ತಿದ್ದ ವ್ಯಾಪಾರಿಗಳು ಸೆರಗು ತಿಕ್ಕಿ ನೋಡಿ, ಬಿಸಿಲಿಗೆ ಹಿಡಿದು, ಬಣ್ಣ ಬಿಡ್ತೈತಿ, ಎಳಿ ತೆಳ್ಳಗೈತಿ ಎಂದು ನೂರು ಕೊಂಕು ತೆಗೆಯುತ್ತಿದ್ದರು. ಅಪ್ಪ ನಗುತ್ತ ಅವರಿಗೆ ಚಹಾ ಕೊಡುತ್ತಿದ್ದ. ಕೊನೆಗೆ ಅದೇ ಸೀರೆಗಳನ್ನು ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಇದು ಆಟ ಎಂದು ಇಬ್ಬರಿಗೂ ಗೊತ್ತು. ಜಗತ್ತಿಗೆಲ್ಲ ಗೊತ್ತು ಎಂದೇ ನಾನು ತಿಳಿದಿದ್ದೆ.

ಮುಖ ಸಿಂಡರಿಸಿಕೊಂಡು ಶುರು ಮಾಡಿದೆ. "ಕಾಕಾ, ಇದು ಖರಖರಾ ಅಂತೈತಲ್ರಿ. ಭಾಳ ಕಾಯ್ತೈತಿ, ಕೈ ಇಡಾಕ ಆಗೂದಿಲ್ಲ. ತೂಕರ ಎಷ್ಟೈತಿ, ಎತ್ತವರ ಯಾರು? ಬಣ್ಣನೂ ಹೋಗೈತಿ." ಒಂದೊಂದು ಮಾತಿಗೂ ಕಾಕಾ ತಲೆ ಅಲ್ಲಾಡಿಸಿದರು. ಕೊನೆಗೆ ತಾವು ಮೊದಲು ಹೇಳಿದ್ದರ ಅರ್ಧ ಬೆಲೆಗೇ ಮಾರಲು ಹೂಂ ಅಂದರು. "ಎಂಟ ದಿನ ಬಿಟ್ಟ ಬರ್ರಿ ಸರ, ತಯಾರ ಮಾಡಿ ಇಡ್ತೇನಿ" ಎಂದರು. ಒರೆಸಿ ಇಡುತ್ತಾರೇನೋ ಎಂದುಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತ ಬಂದೆ. ಆ ಮನುಷ್ಯ ಜನ್ಮದಲ್ಲಿ ಸಾಮಾನು ಬಾಡಿಗೆಗೆ ಕೊಟ್ಟವರೇ ಹೊರತು ಒಮ್ಮೆಯೂ ಮಾರಿದವರಲ್ಲ ಎಂಬುದು ನನ್ನ ಮಂದ ತಲೆಗೆ ಹೊಳೆಯಲೇ ಇಲ್ಲ.

ಎಂಟು ದಿನ ಬಿಟ್ಟು ಗಿಟಾರ್ ಹೆಗಲಿಗೇರಿಸಿಕೊಂಡು ಹೋದೆ. ಕಟ್ಟೆಯ ಮೇಲೆ ಮಿರಿಮಿರಿ ಮಿಂಚುವ ನೀಲಿ ಡಬ್ಬಿಯೊಂದು ಕೂತಿತ್ತು. ಕಾಕಾ ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು. "ನೀವು ಹೇಳಿದ್ದೆಲ್ಲಾ ಸರಿ ಮಾಡ್ಸೇನ್ರಿ! ಮುಧೋಳದ ಮಿಸ್ತ್ರಿ ಕಡೆ ಒಯ್ದಿದ್ದೆ. ಆ ಕಾಯೂ ಬಲ್ಬ ತಗಸಿದೆ. ಟ್ರಾನ್ಸ್‌ಫಾರ್ಮರ್ ಭಾರ ಆಗಿತ್ತಲ್ಲ, ಅದನ್ನೂ ತಗಸಿ ಹೊಸಾ ಬೋರ್ಡ್ ಹಾಕ್ಸೇನಿ. ಪೆನ್‌ಡ್ರೈವ್ ಹಚ್ಚಾಕೂ ಜಾಗಾ ಐತಿ. ರೊಕ್ಕ ನೀವು ಅಂದಷ್ಟ ಕೊಡ್ರಿ, ಹೆಚ್ಚಿಗಿ ಬ್ಯಾಡ."

ಗಿಟಾರಿನ ವೈರು ಚುಚ್ಚಿ ತಂತಿ ಮೀಟಿದೆ. ಸ್ವಚ್ಛವಾದ, ತೊಳೆದಿಟ್ಟ ಸ್ಟೀಲ್ ತಾಟಿನಂಥ ದನಿ. ಎಷ್ಟು ಜೋರಾಗಿ ಮೀಟಿದರೂ ಒಡೆಯಲೊಲ್ಲದು.

"ಬಲ್ಬ ಎಲ್ಲಿ ಅದಾವ ಕಾಕಾ?" ಎಂದು ಹೆಚ್ಚುಕಡಿಮೆ ಕಿರುಚಿದೆ.

"ಅವನ್ನೇನ್ ಮಾಡ್ತೀರಿ? ಮಿಸ್ತ್ರಿ ಒಡದ ಒಗದಾ. ಟ್ರಾನ್ಸ್‌ಫಾರ್ಮರಿನ ತಾಮ್ರ ಗುಜರಿಗಿ ಹೋತು."

ತಲೆ ಚಚ್ಚಿಕೊಳ್ಳಬೇಕು ಅನಿಸಿತು. ಸಿಟ್ಟು ಮಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: "ನೀವು ಬಂದು ಹೇಳಿದ್ದು ಛಲೋ ಆತ್ರಿ ಸರ. ಇದರ ದನಿ ಭಾರಿ ಐತಿ ಅಂತ ಇಷ್ಟ ವರ್ಷ ಊರೆಲ್ಲಾ ಹೇಳ್ಕೋತ ತಿರಗೇನಿ. ಖರಖರಾ ಅನ್ನೂದು ನನ್ನ ಕಿವಿಗೆ ಕೇಳಿಸೇ ಇಲ್ಲ. ಮಂದಿ ಪಾಪ, ಮಾರಿ ಮ್ಯಾಲ ಅನಲಿಲ್ಲ ಅನಸ್ತೈತಿ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ. "ಇಲ್ಲ ಕಾಕಾ, ಆ ಖರಖರಾನ ನನಗ ಬೇಕಾಗಿತ್ತು. ಅದಕ್ಕಂತನ ಎರಡ ವರ್ಷ ಹುಡಕೇನಿ. ಅಂಥಾ ದನಿ ಎಲ್ಲೂ ಇಲ್ಲ. ರೇಟ್ ಇಳಸಾಕ ಸುಳ್ಳ ಹೇಳಿದ್ದೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿ ನಕ್ಕರು. ಬೆನ್ನು ಸವರಿದರು. "ಇರ್ಲಿ ಬಿಡ್ರಿ ಸರ. ಮುದುಕಗ ಕೆಟ್ಟ ಅನಿಸಬಾರದಂತ ಹೇಳಾಕತ್ತೀರಿ. ಗೊತ್ತಾಕ್ಕೈತಿ."

ಎಷ್ಟು ಹೇಳಿದರೂ ನಂಬಲಿಲ್ಲ. ಬಸ್ ಬಂದಾಗ ಅವರೇ ಡಬ್ಬಿಯನ್ನು ಒಂದು ಕೈಯಲ್ಲಿ ತೂಗಾಡಿಸುತ್ತ ತಂದು ಕಂಡಕ್ಟರಿಗೆ, "ಎಲ್ಲೆರ ಒಗೀರಿ, ಏನೂ ಆಗೂದಿಲ್ಲ" ಎಂದು ಕೊಟ್ಟರು. ಈ ಸಲ ಅದಕ್ಕೆ ಕಂಬಳಿ ಸುತ್ತಿರಲಿಲ್ಲ.