ಅತ್ತೆಯ ಅಂಗೈ ಮತ್ತು ನಮ್ಮ ಮುಂಬಾಗಿಲು

ದೆವ್ವ, ಪವಾಡ, ಕನಸಿನ ಫಲ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವ ಪೈಕಿ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ಬೇರೆ. ಇನ್ನೊಮ್ಮೆ ಮಾಡಿ ತೋರಿಸಿದರೆ ಮಾತ್ರ ನಂಬಬೇಕು ಎಂದು ಮಕ್ಕಳ ಮುಂದೆ ಎಷ್ಟು ಸಲ ಹೇಳಿದ್ದೇನೋ! ಈಗ ಬರೆಯಹೊರಟದ್ದನ್ನು ಇನ್ನೊಮ್ಮೆ ಮಾಡಿ ತೋರಿಸಲು ನನ್ನಿಂದ ಆಗುವುದಿಲ್ಲ. ನೀವು ನಂಬದಿದ್ದರೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಕ್ಕುಬಿಡುತ್ತಿದ್ದೆ.

ಸಿಂದಗಿಯಲ್ಲಿ ನಾವು ಹೊಸ ಮನೆ ಕಟ್ಟಿಸಿದ ವರ್ಷದ ಮಾತು. ನಮ್ಮ ಮನೆಯವರಿಗೆ ಎಲ್ಲವನ್ನೂ ಫೋನಿನಿಂದ ನಡೆಸುವ ಹುಚ್ಚು ಹತ್ತಿತ್ತು. ಹೇಳಿದರೆ ಲೈಟು ಹತ್ತಬೇಕು, ಹೇಳಿದರೆ ಫ್ಯಾನು ತಿರುಗಬೇಕು. “ಲೈಟಿಗೆ ಹೇಳಿದ್ರ ಹತ್ತತಾವು, ಮಗಗ ಹೇಳಿದ್ರ ಒಂದ್ ಕೆಲಸ ಆಗಂಗಿಲ್ಲ” ಎಂದು ಅತ್ತೆ ಚುಚ್ಚುತ್ತಿದ್ದರು. ಕಡೆಗೆ ಉಳಿದದ್ದು ಮುಂಬಾಗಿಲಿನ ಕೀಲಿ. ವಿಜಯಪುರದ ಅಂಗಡಿಯಲ್ಲಿ ನಂಬರಿನದು, ಕಾರ್ಡಿನದು, ಬೆರಳಿನದು ಅಂತ ತರತರದ ಸ್ಮಾರ್ಟ್ ಲಾಕುಗಳನ್ನು ಮುಂದೆ ಹರವಿದರು. ಬೆರಳಿನದನ್ನು ಆರಿಸಿದ್ದು ನಾನೇ; ಬೆರಳು ಹತ್ತದಿದ್ದರೆ ಇರಲೆಂದು ಅದಕ್ಕೂ ನಂಬರು, ಕಾರ್ಡು ಇದ್ದವು. ಅತ್ತೆಗೆ ನಂಬರ್ ನೆನಪಿಡುವ ಕಾಟ ಬೇಡ, ಕಾರ್ಡ್ ಕಳೆಯುವ ಭಯ ಬೇಡ, ಬೆರಳನ್ನಂತೂ ಯಾರೂ ಎಲ್ಲೂ ಮರೆತು ಬರುವುದಿಲ್ಲ ಎಂಬುದು ನನ್ನ ವಿಚಾರ.

ಆದರೆ ಆ ಯಂತ್ರ ಅತ್ತೆಯ ಬೆರಳನ್ನೇ ಒಪ್ಪಲಿಲ್ಲ. ಚಿಕ್ಕಂದಿನಿಂದ ಜೋಳದ ರೊಟ್ಟಿ ಬಡಿದ ಕೈ. ಗೆರೆಗಳೆಲ್ಲ ಸವೆದು ನುಣ್ಣಗಾಗಿದ್ದವು. ತೊಳೆದೆವು, ಒರೆಸಿದೆವು, ಎರಡೂ ಕೈಯ ಬೆರಳು ಒಂದೊಂದಾಗಿ ಇಡಿಸಿದೆವು. ಪ್ರತಿ ಸಲ ಕೆಂಪು ದೀಪವೇ. “ಇವರ ಬೆರಳು ಹತ್ತಂಗಿಲ್ರಿ, ಕಾರ್ಡ್ ಕೊಡ್ರಿ” ಎಂದು ಲಾಕ್ ಕೂಡಿಸಲು ಬಂದ ಮೆಕ್ಯಾನಿಕ್ ಕೈಚೆಲ್ಲಿದ. ಅತ್ತೆ ಕಾರ್ಡನ್ನು ಮುಟ್ಟಲೂ ಇಲ್ಲ.

“ನನ್ನ ಮನಿಗೆ ಹೋಗಾಕ ನಾ ಚೀಟಿ ತೋರಿಸಬೇಕೇನು? ಈ ಬಾಗಲಾ ನನ್ನ ಗುರ್ತ ಹಿಡಿಯಂಗಿಲ್ಲ. ಇರ್ಲಿ ಬಿಡ್ರಿ” ಎಂದು ನಕ್ಕರು. ನಗುವಾಗ ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಮುದ್ದೇಬಿಹಾಳದ ಮಗಳ ಮನೆಗೆ ಹೋಗಿ ಇರುತ್ತೇನೆ, ಅಲ್ಲಿ ಬಾಗಿಲು ದೂಡಿದರೆ ತೆರೆಯುತ್ತದೆ ಎಂದು ಹಟ ಹಿಡಿದರು. ಎಷ್ಟು ಹೇಳಿದರೂ ಕೇಳದೆ ಸೀರೆಗಳನ್ನು ಚೀಲಕ್ಕೆ ತುಂಬಿಯೇಬಿಟ್ಟರು. ನನ್ನ ಮಗಳು ಆಗ ತಪ್ಪುಹೆಜ್ಜೆ ಇಡುತ್ತಿದ್ದ ಕೂಸು. ನನಗಿಂತ ಹೆಚ್ಚು ಹಚ್ಚಿಕೊಂಡದ್ದು ಅವಳ ಆಯಿಯನ್ನೇ, ಅಂದರೆ ಅಜ್ಜಿಯನ್ನೇ. ಅತ್ತೆ ಹೋದರೆ ಈ ಮನೆ ಮನೆಯಾಗಿ ಉಳಿಯುವುದಿಲ್ಲ ಎಂದು ನನಗೆ ಒಳಗೊಳಗೇ ಅಳು ಬರುತ್ತಿತ್ತು.

ಅವರು ಹೊರಡುವ ಹಿಂದಿನ ಸಂಜೆ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಹಿಂಬಾಗಿಲು ಹಾಕಿ, ಮುಂಬಾಗಿಲು ತೆರೆದಿಡುತ್ತೇವೆ. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೋಗಬಾರದು, ಅದಕ್ಕೆ. ಹೊಸ ಲಾಕಿಗೆ ಈ ಪದ್ಧತಿ ಎಲ್ಲಿ ಗೊತ್ತು? ಬಾಗಿಲು ಕೂಡಿತೆಂದರೆ ತಾನೇ ಬಿದ್ದುಕೊಳ್ಳುತ್ತಿತ್ತು. ಆದ್ದರಿಂದ ಅತ್ತೆ ದಿನಾ ಸಂಜೆ ಬಾಗಿಲಿಗೆ ಒಂದು ಗುಂಡುಕಲ್ಲು ಒತ್ತಿಡುತ್ತಿದ್ದರು. ಅವತ್ತು ಇಡಲಿಲ್ಲ. ಮುನಿಸಿಕೊಂಡು ಹೊರಗಿನ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದರು. ನಾನು ಹಿಂಬಾಗಿಲ ಚಿಲಕ ಹಾಕಿ, ಎಣ್ಣೆ ಬತ್ತಿ ಹಿಡಿದು ಹೊಸ್ತಿಲು ದಾಟಿದೆ. ಬಾಗಿಲ ಪಕ್ಕದ ಗೂಡಿನಲ್ಲಿ ದೀಪ ಹಚ್ಚಿದೆನೋ ಇಲ್ಲವೋ, ಒಂದು ಗಾಳಿ ಬಂದು ಬಾಗಿಲು ಮುಚ್ಚಿಕೊಂಡಿತು.

ಒಳಗೆ ಕೂಸು ತೊಟ್ಟಿಲಲ್ಲಿ ಮಲಗಿತ್ತು. ಫೋನು ಒಳಗೆ, ಕೀಲಿಕೈ ಒಳಗೆ. ನನ್ನ ಬೆರಳಿಗೆ ಎಣ್ಣೆ ಮೆತ್ತಿತ್ತು. ಒರೆಸಿ ಒರೆಸಿ ಇಟ್ಟರೂ ಕೆಂಪು. ಗಾಬರಿಯಲ್ಲಿ ನಂಬರ್ ತಪ್ಪು ಒತ್ತಿದೆ, ಮತ್ತೆ ತಪ್ಪು ಒತ್ತಿದೆ. ತಪ್ಪು ಹೆಚ್ಚಾದರೆ ಕಳ್ಳರೆಂದು ತಿಳಿದು ಆ ಲಾಕು ಸ್ವಲ್ಪ ಹೊತ್ತು ಯಾರನ್ನೂ ಒಪ್ಪದೆ ಬಂದಾಗುತ್ತದೆ. ಹಾಗೇ ಆಯಿತು. ಅಷ್ಟರಲ್ಲಿ ಒಳಗೆ ಅಳು ಶುರುವಾಯಿತು. ಕಿಟಕಿಯ ಸರಳು ಹಿಡಿದು ನೋಡಿದೆ. ಕೂಸು ತೊಟ್ಟಿಲಲ್ಲಿ ಎದ್ದು ನಿಂತು, ಒಂದು ಕಾಲು ಹೊರಗೆ ಹಾಕಲು ನೋಡುತ್ತಿತ್ತು. ಕೆಳಗೆ ಬರಿ ಫರಸಿ ಕಲ್ಲು. ಸುತ್ತಲಿನ ಪ್ಲಾಟುಗಳೆಲ್ಲ ಖಾಲಿ, ಕೂಗಿದರೆ ಕೇಳುವವರಿಲ್ಲ. “ಆಯೀ” ಎಂದು ಕೂಸು ಒಮ್ಮೆ ಕರೆಯಿತು.

ಮುಂದಿನದು ನನಗೆ ನಿದ್ದೆಯಲ್ಲಿ ನಡೆದಂತೆ ನೆನಪಿದೆ. ಗಾಳಿ ನಿಂತುಬಿಟ್ಟಿತು. ಹೊಲದ ಕಡೆಯಿಂದ ಎದ್ದಿದ್ದ ಧೂಳು ಅರಿಸಿನದ ಬಣ್ಣಕ್ಕೆ ತಿರುಗಿ ಅಂಗಳದಲ್ಲಿ ಹಾಗೇ ತೂಗುತ್ತಿತ್ತು. ರಸ್ತೆಯ ಸದ್ದು ಎಲ್ಲೋ ದೂರ ಸರಿಯಿತು. ಹಂಚಿನ ಮೇಲೆ ಆಗ ತಾನೇ ಹಾಕಿದ ರೊಟ್ಟಿಯ ವಾಸನೆ ಬಂತು. ನಮ್ಮ ಒಲೆ ಹಚ್ಚಿರಲೇ ಇಲ್ಲ. ಅತ್ತೆ ಕಟ್ಟೆಯಿಂದ ಎದ್ದು ಬಂದರು, ಅವಸರವೇ ಇಲ್ಲದೆ. ನನ್ನನ್ನು ಮೆಲ್ಲಗೆ ಬದಿಗೆ ಸರಿಸಿ ಬಾಗಿಲ ಮೇಲೆ ಅಂಗೈ ಇಟ್ಟರು. ಲಾಕಿನ ಮೇಲಲ್ಲ, ಅದಕ್ಕೂ ಮೇಲೆ, ಬರಿ ಕಟ್ಟಿಗೆಯ ಮೇಲೆ. ರೊಟ್ಟಿ ತಟ್ಟುವ ಹಾಗೆ ಮೃದುವಾಗಿ ತಟ್ಟಿ, “ನಾ ಬಂದೇನಿ, ತೆಗಿ” ಎಂದರು. ಕೂಸಿಗೆ ಹೇಳಿದರೋ ಬಾಗಿಲಿಗೆ ಹೇಳಿದರೋ ತಿಳಿಯದು. ಹಸಿರು ದೀಪ ಹತ್ತಿತು. ಬಾಗಿಲು ಒಳಕ್ಕೆ ಸರಿಯಿತು. ತೊಟ್ಟಿಲಿನಿಂದ ಜಾರುತ್ತಿದ್ದ ಕೂಸನ್ನು ಅತ್ತೆ ಎದೆಗೆ ಎತ್ತಿಕೊಂಡರು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ.

ಅಷ್ಟರಲ್ಲಿ ಇಂಡಿ ಊರಿನಿಂದ ಬರುತ್ತಿದ್ದ ಬಸ್ಸಿನಿಂದ ನಮ್ಮ ಮನೆಯವರ ಫೋನು ಬಂತು. “ಯಾರ್ ಬಂದಾರ? ನನ್ನ ಫೋನಿನ್ಯಾಗ ಬಾಗಲಾ ತೆರದೈತಿ ಅಂತ ತೋರ್ಸಾಕತ್ತೈತಿ, ಯಾರ ಹೆಸರೂ ಇಲ್ಲ.” ನೀವೇ ಅಲ್ಲಿಂದ ತೆರೆದಿರೇನು ಎಂದರೆ, ತಾನು ಮುಟ್ಟಿಯೇ ಇಲ್ಲ ಎಂದರು. ಮರುದಿನ ಬಂದ ಮೆಕ್ಯಾನಿಕ್ ಎಲ್ಲ ಬಿಚ್ಚಿ ನೋಡಿ, “ಹಂಗ ಆಗಾಕ ಬರಂಗಿಲ್ರಿ ಬಾಯಾರ” ಎಂದ. ಅತ್ತೆಯ ಬೆರಳನ್ನು ಮತ್ತೆ ಇಡಿಸಿದೆವು. ಕೆಂಪು. ಅಂಗೈ ಇಟ್ಟು ನೋಡಿರಿ ಎಂದು ನಾನು ದುಂಬಾಲು ಬಿದ್ದರೆ ಅವರು ಒಪ್ಪಲಿಲ್ಲ. “ಒಮ್ಮಿ ಕೇಳಿದ್ದೆ, ಕೊಡ್ತು. ದಿನಾ ಕೇಳ್ತಾರೇನ ಹುಚ್ಚಿ?” ಎಂದು ಚೀಲದಲ್ಲಿದ್ದ ಸೀರೆಗಳನ್ನು ತೆಗೆದು ಕಪಾಟಿನಲ್ಲಿ ಜೋಡಿಸತೊಡಗಿದರು. ಮುದ್ದೇಬಿಹಾಳದ ಮಾತನ್ನು ಮತ್ತೆ ಎತ್ತಲಿಲ್ಲ.

ಲಾಕಿನ ದೋಷವಿದ್ದೀತು. ಹಾಗೆಂದು ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆ ರೊಟ್ಟಿಯ ವಾಸನೆಗೆ ಏನು ಹೇಳಲಿ? ಮೊನ್ನೆ ಒಂದು ಸಂಜೆ ಶಾಲೆಯಿಂದ ಬಂದವಳು, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಕಟ್ಟಿಗೆಯ ಮೇಲೆ ಅಂಗೈ ಇಟ್ಟೆ. ನಾಚಿಕೆಯಾದರೂ “ನಾ ಬಂದೇನಿ, ತೆಗಿ” ಎಂದೆ. ಯಾವ ದೀಪವೂ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅತ್ತೆಯ ಹೆಜ್ಜೆ ಕೇಳಿತು. ಬಾಗಿಲು ತೆರೆದು, “ಬೆರಳು ಇದ್ದಾಕಿ ಬೆರಳು ಇಡೂದು ಬಿಟ್ಟು ಏನ್ ಮಾಡಾಕತ್ತಿ? ಒಳಗ ಬಾ” ಎಂದರು.