ಕಾಫಿಗೆ ಮೊದಲು ಒಪ್ಪಿಸುತ್ತಿದ್ದ ಜೋಡಿ ಪದಗಳು

"ಸನ್ ಅಂದರೆ ಸೂರ್ಯ, ಸನ್ ಅಂದರೆ ಮಗ..." ಆಮೇಲೆ ಬರುತ್ತಿದ್ದುದು 'ಸೇಲ್' ಜೋಡಿಯೋ, 'ಮೀಟ್' ಜೋಡಿಯೋ? ಇವತ್ತು ವಿದ್ಯಾನಗರದ ನಮ್ಮ ಪಕ್ಕದ ಮನೆಯಲ್ಲಿ ಮಗುವೊಂದು ಇದನ್ನೇ ಬಾಯಿಪಾಠ ಮಾಡುತ್ತಿತ್ತು. ಅರ್ಧ ಸಾಲಿಗೇ ನನ್ನ ಮುಖ ಬಿಸಿಯಾಯಿತು.

ಆಗ ನಾವಿದ್ದುದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಮನೆಗೆ ಯಾರೇ ಬರಲಿ, ಒಂದೇ ಥರ ಕೇಳಿಸುವ ಇಂಗ್ಲಿಷ್ ಪದಗಳನ್ನು ಅಪ್ಪ ನನ್ನ ಬಾಯಲ್ಲಿ ಹೇಳಿಸುತ್ತಿದ್ದರು. ಅದು ಮುಗಿದ ಮೇಲೇ ಕಾಫಿ.

ಒಂದು ಸಂಜೆ ಎದುರುಮನೆ ಗಿರಿಜಮ್ಮ ಹೊಳೆಹೊನ್ನೂರಿನಿಂದ ಬಂದಿದ್ದ ತಮ್ಮನನ್ನು ಕರೆತಂದರು. ಫೋರ್‌ಮನ್ ಆಗಿದ್ದ ಅಪ್ಪ ಅವನ ಕೆಲಸಕ್ಕೆ ಒಂದು ಮಾತು ಹೇಳಲಿ ಎಂಬ ಆಸೆ ಅವರದು. ನಾನು ಎಂದಿನಂತೆ ಗಡಗಡ ಒಪ್ಪಿಸಿದೆ. ಅಪ್ಪ ನಗುತ್ತಾ ಅವನ ಕಡೆ ತಿರುಗಿದರು.

"ಐದನೇ ಕ್ಲಾಸಿನ ಹುಡುಗಿ ಮಾರಾಯ! ನೀನೂ ಒಂದು ಜೋಡಿ ಹೇಳು, ನೋಡೋಣ."

ಮೀಸೆ ಬಂದಿದ್ದ ಅವನು ನನ್ನ ಹಾಗೆಯೇ ಕೈಕಟ್ಟಿ ಎದ್ದು ನಿಂತ. ಒಂದು ಪದವೂ ಹೊರಡಲಿಲ್ಲ. ಅಪ್ಪ ನಗುತ್ತಲೇ ಇದ್ದರು. ನನಗೆ ತಲೆ ಎತ್ತಲಾಗಲಿಲ್ಲ.

ಗಿರಿಜಮ್ಮ ಕಾಫಿಗೂ ಕಾಯದೆ ತಮ್ಮನನ್ನು ಕರೆದುಕೊಂಡು ಹೊರಟರು. ಕೆಲಸದ ಮಾತು ಬಾಯಲ್ಲೇ ಉಳಿಯಿತು. ಬಾಗಿಲಲ್ಲಿ ತಿರುಗಿ, ಸಿಟ್ಟಿಲ್ಲದೆ, ಮೆಲ್ಲಗೆ ಹೇಳಿದರು:

"ಇವ್ನು ಫೇಲಾಗಿದ್ದೇ ಇಂಗ್ಲಿಷಲ್ಲಿ ಅಣ್ಣ. ಕನ್ನಡದಲ್ಲಿ ಏನಾದ್ರೂ ಕೇಳಿದ್ರೆ ಹೇಳ್ತಿದ್ದ."