ಔತಕುಟ್ಟಿಯ ನಲವತ್ತು ಸಂಜೆ

ಸೋಮವಾರ ನಮ್ಮವರು ಗಂಜಿಗೆ ಉಪ್ಪು ಸಾಲದು ಅಂದರು. ಉಪ್ಪಿನ ಡಬ್ಬಿಯನ್ನು ಮುಂದೆ ಕುಕ್ಕಿದೆ. ಹಾಕಿಕೊಂಡು ಕುಡಿದರು. ಒಂಬೈನೂರು ಬಾತುಗಳನ್ನು ಮನೆ ಮುಂದಿನ ತೋಡಿನ ನೀರಿಗೆ ಇಳಿಸಿ, ಆಚೆ ದಡದ ಕೊಯ್ದ ಗದ್ದೆಗೆ ಮೇಯಲು ಹೊಡೆದುಕೊಂಡು ಹೋದರು. ಸಂಜೆ ವಾಪಸು ತಂದರು. ಕಾಲು ತೊಳೆದು, ಮರಗೆಣಸು ಮೀನು ಸಾರು ತಿಂದು ಮಲಗಿದರು. ಅದೇ ಅವರ ಕೊನೆಯ ಪೂರ್ತಿ ದಿನ ಅಂತ ಗೊತ್ತಿದ್ದರೆ ಉಪ್ಪಿಗೆ ಜಗಳ ಆಡುತ್ತಿದ್ದೆನೇ? ಆಡುತ್ತಿದ್ದೆನೋ ಏನೋ. ಮೂವತ್ತೊಂದು ವರ್ಷದ ಅಭ್ಯಾಸ.

ಮಂಗಳವಾರ ಮಧ್ಯಾಹ್ನ ಗದ್ದೆಯಲ್ಲಿ ಕೂತರು. ಮತ್ತೆ ಏಳಲಿಲ್ಲ. ಎದೆಬಡಿತ ನಿಂತಿತ್ತು.

ನಮ್ಮವರ ಹೆಸರು ಔತಕುಟ್ಟಿ. ಅವರಪ್ಪನೂ ಕುಟ್ಟನಾಡಿನ ಈ ಗದ್ದೆಗಳಲ್ಲೇ ಬಾತು ಮೇಯಿಸಿದವರು. ನನ್ನ ಹತ್ತಿರ ಗಟ್ಟಿ ದನಿ, ಬಾತುಗಳ ಹತ್ತಿರ ಮೆತ್ತಗಿನ ದನಿ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಒಂದು ದಿನವೂ ನನ್ನನ್ನು ಅಂದವರಲ್ಲ.

ಅವರು ಕೂತದ್ದನ್ನು ನೋಡಿದವಳು ಜಿಸ್ಮಿ. ಚಂಗನಾಶ್ಶೇರಿ ಕಡೆಯ ಹುಡುಗಿ, ಎಂಜಿನಿಯರಿಂಗ್ ಕಾಲೇಜಲ್ಲಿ ಸಂಶೋಧನೆ ಮಾಡುತ್ತಾಳೆ. ದಿನವೂ ನಮ್ಮ ಪಂಪ್‌ಮನೆಯ ಮಾಡು ಹತ್ತಿ, ಕ್ಯಾಮೆರಾ ಇಟ್ಟುಕೊಂಡು ಬಾತುಗಳನ್ನು ನೋಡುತ್ತಿದ್ದಳು. ಮೊದಲ ದಿನ ಅಂಗಳದಲ್ಲಿ ನಿಂತು ನಮ್ಮವರನ್ನು ಕೇಳಿದ್ದಳು.

"ಅಪ್ಪಚ್ಚಾ, ಹಕ್ಕಿ, ಇರುವೆ, ಜೇನು ಇವೆಲ್ಲ ಹೆಂಗೆ ಒಟ್ಟಾಗಿ ಹೋಗ್ತವೆ ಅಂತ ನೋಡಿ ಕಂಪ್ಯೂಟರಿಗೆ ಬುದ್ಧಿ ಕಲಿಸ್ತಿದೀನಿ. ನಿಮ್ಮ ಬಾತು ನೋಡಬಹುದಾ?"

"ಬುದ್ಧಿಗೆ ಬಾತುಕೋಳಿ ಹತ್ರ ಬಂದ್ಯಾ? ಕಾಲೇಜಲ್ಲಿ ಅಷ್ಟು ಬರಗಾಲವಾ ಮಗಳೇ?"

ಅವಳು ನಕ್ಕುಬಿಟ್ಟಳು. ಆಮೇಲೆ ಹೇಳಿದಳು. ದೊಡ್ಡ ನೆರೆಯಲ್ಲಿ ಅವಳ ಅಜ್ಜಿ ಎರಡು ದಿನ ಮಾಡಿನ ಮೇಲೆ ಕೂತಿದ್ದರಂತೆ. ದೋಣಿ ಇದ್ದವು, ನಡೆಸಲು ಜನ ಇರಲಿಲ್ಲ. ಆಳಿಲ್ಲದ ಸಣ್ಣ ದೋಣಿಗಳನ್ನು, ನೂರಿದ್ದರೂ ಸರಿ, ಒಬ್ಬನೇ ನಡೆಸುವಂತಾಗಬೇಕಂತೆ. ನಮ್ಮವರು ಒಂದೇ ಕೋಲಲ್ಲಿ ಒಂಬೈನೂರು ನಡೆಸುತ್ತಾರಲ್ಲ, ಹಾಗೆ. ಅವತ್ತು ನಮ್ಮವರು ತಮಾಷೆ ಬಿಟ್ಟರು. "ನಾಳೆಯಿಂದ ಬಾ" ಅಂದರು.

ಒಂದು ದಿನ ಕಂಪ್ಯೂಟರು ತೆರೆದು ತೋರಿಸಿದಳು. ತೆರೆಯ ತುಂಬ ಸಣ್ಣ ಸಣ್ಣ ಚುಕ್ಕಿ, ನಡುವೆ ಒಂದು ದೊಡ್ಡ ಚುಕ್ಕಿ.

"ದೊಡ್ಡದು ನೀವು ಅಪ್ಪಚ್ಚಾ."

ದೊಡ್ಡ ಚುಕ್ಕಿ ತಪ್ಪಿಸಿಕೊಂಡ ಒಂದೊಂದು ಚುಕ್ಕಿಯ ಹಿಂದೆಯೂ ಓಡುತ್ತಿತ್ತು. ಅದು ಓಡಿದಷ್ಟೂ ಉಳಿದವು ಚೆದುರುತ್ತಿದ್ದವು.

"ಹಿಂಗೆ ಓಡಿದ್ರೆ ನಾನು ಮದುವೆಗೆ ಮುಂಚೇನೇ ಸತ್ತಿರ್ತಿದ್ದೆ."

"ಆಗ ನನ್ನ ಕಷ್ಟ ತಪ್ಪುತ್ತಿತ್ತು" ಅಂದೆ ನಾನು.

"ಕೇಳಿದ್ಯಾ? ಮಗಳೇ, ತಪ್ಪಿಸಿಕೊಂಡದ್ದರ ಹಿಂದೆ ಹೋಗಬಾರದು. ಇರೋದನ್ನ ಒಟ್ಟು ಮಾಡಿ, ಬೆನ್ನು ತಿರುಗಿಸಿ ನಿಲ್ಲಬೇಕು. ಒಂಟಿ ಬಾತಿಗೆ ಭಯ ಆಗುತ್ತೆ, ಅದೇ ಬರುತ್ತೆ. ಇವನಿಗೆ ಮೊದಲು ನಿಲ್ಲೋದು ಕಲಿಸು."

ಅವಳು ಬರೆದುಕೊಂಡಳು.

ಬುಧವಾರ ನಮ್ಮವರನ್ನು ಮಣ್ಣು ಮಾಡಿದೆವು. ಬಾತುಗಳು ಆಚೆ ದಡದಲ್ಲೇ ಉಳಿದವು. ಗುರುವಾರ ಮೈದುನ ವರ್ಕಿ ನಾಲ್ಕು ಜನ ಕರೆದುಕೊಂಡು ಹೋದ. ಸಾವಿನ ಮನೆಯ ಬಿಳಿ ಪಂಚೆಯಲ್ಲೇ ಹೋದರು. ಅಷ್ಟು ಬಿಳಿ ಬಟ್ಟೆಯನ್ನು ಬಾತುಗಳು ಕಂಡಿರಲಿಲ್ಲ. ಕೂಗಿದರು, ಓಡಿದರು. ಹಿಂಡು ಮೂರಾಯಿತು. ರಾತ್ರಿ ನಾಯಿ ಬಿದ್ದು ಹದಿನೆಂಟು ಹೋದವು.

ಶನಿವಾರ ಗದ್ದೆಗೆ ಬಿತ್ತನೆ. ಅಷ್ಟರಲ್ಲಿ ಬಾತು ಖಾಲಿ ಆಗಬೇಕು ಅಂತ ಗದ್ದೆ ಸಮಿತಿಯವರು ಹೇಳಿ ಕಳಿಸಿದರು. ತಪ್ಪು ಅವರದಲ್ಲ.

"ಅತ್ತಿಗೆ, ಮಾಂಸದ ವ್ಯಾಪಾರಿಗೆ ಕೊಟ್ಟುಬಿಡೋಣ. ಅವನೇ ಬಲೆ ಹಾಕಿ ಹಿಡಿದುಕೊಂಡು ಹೋಗ್ತಾನೆ" ಅಂದ ವರ್ಕಿ.

ಅವನ ಮಾತಿನಲ್ಲಿ ಕೆಟ್ಟದ್ದಿರಲಿಲ್ಲ. ಆದರೆ ಆ ಬಾತುಗಳು ಹೋದರೆ ನಮ್ಮವರದು ಅಂತ ಈ ಊರಲ್ಲಿ ಓಡಾಡುವುದು ಏನೂ ಉಳಿಯುವುದಿಲ್ಲ. ಮರಿಗಳಿಗೆ ನುಚ್ಚು ಬೇಯಿಸಿ ಹಾಕಿದವಳು ನಾನು. ಹಿಂಡು ಹೊಡೆದುಕೊಂಡು ಬರಲು ಮಾತ್ರ ಗೊತ್ತಿಲ್ಲ. ಅದು ಗಂಡಸರ ಕೆಲಸ ಅಂತ ಕಲಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಜಿಸ್ಮಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಅತ್ತು ಅತ್ತು ಮುಖ ಊದಿತ್ತು. ಕಂಪ್ಯೂಟರು ತೆರೆದಳು.

"ಅಮ್ಮಚ್ಚಿ, ಅಪ್ಪಚ್ಚ ಬಾತು ವಾಪಸು ತಂದ ನಲವತ್ತು ಸಂಜೆ ನನ್ನ ಹತ್ರ ಇದೆ. ಹೆಜ್ಜೆ ಹೆಜ್ಜೆನೂ ಗುರುತು ಹಾಕಿದೀನಿ."

ಗದ್ದೆಯ ಚಿತ್ರದ ಮೇಲೆ ನಲವತ್ತು ನೀಲಿ ಗೀರು. ನೂಲಿನ ಥರ ಒಂದರ ಮೇಲೊಂದು. ಅದು ನನ್ನ ಗಂಡ. ಬೆರಳಿಟ್ಟು ನೋಡಿದೆ.

"ಇಲ್ಲಿಂದ ಶುರು. ಇಲ್ಲಿ ಸುತ್ತು. ತೋಡಿಗೆ ಇಳಿಸೋ ಮುಂಚೆ, ಇಲ್ಲಿ, ದಿನಾ ಹತ್ತು ನಿಮಿಷ ನಿಲ್ತಾರೆ. ನೋಡಿ, ಗಂಟು ಬಿದ್ದಿದೆ. ಇದು ತುಂಬ ದೊಡ್ಡ ಉಪಾಯ ಅಮ್ಮಚ್ಚಿ. ಇದರ ಮೇಲೇ ಹದಿನಾಲ್ಕು ಪುಟ ಬರೆದಿದೀನಿ. ಏನ್ ಮಾಡ್ತಿದ್ರು ಅಲ್ಲಿ?"

ಆ ಜಾಗ ನೋಡಿದೆ. ತೆಂಗಿನ ಮರದ ಮರೆ. ನಮ್ಮ ಅಂಗಳದಿಂದ ಕಾಣದ ಜಾಗ ಅದೊಂದೇ.

"ಬೀಡಿ" ಅಂದೆ. "ಡಾಕ್ಟರು ಬೇಡ ಅಂದಿದ್ರು. ನನಗೆ ಕಾಣಬಾರದು ಅಂತ."

ಅವಳು ನನ್ನನ್ನೇ ನೋಡಿದಳು. ಇಬ್ಬರಿಗೂ ನಗು ಬಂತು. ಸಾವಿನ ಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಆಮೇಲೆ ಅಳು.

ಕಣ್ಣು ಒರೆಸಿಕೊಂಡು ಅವಳೇ ಅಂದಳು, "ಆದ್ರೂ ಅಷ್ಟು ಹೊತ್ತಲ್ಲಿ ಬಾತುಗಳು ಒಟ್ಟಾಗ್ತಿದ್ವು ಅಮ್ಮಚ್ಚಿ. ಅದು ಸುಳ್ಳಲ್ಲ."

ಗಂಡ ಸತ್ತ ಮೇಲೆ ಏಳು ದಿನ ಹೊಸ್ತಿಲು ದಾಟಬಾರದು ನಾನು. ಎದ್ದೆ. ಬಿಳಿ ಬಟ್ಟೆಯ ಮೇಲೆ ಗೂಟದಲ್ಲಿದ್ದ ಅವರ ಚೌಕುಳಿ ಅಂಗಿ ತೊಟ್ಟೆ. ಬೆವರಿನ ವಾಸನೆ ಇತ್ತು. ಕೋಲು ತೆಗೆದುಕೊಂಡೆ.

ವರ್ಕಿಯ ಹೆಂಡತಿ ಅಚ್ಚಾಮ್ಮ ಬಾಗಿಲಿಗೆ ಅಡ್ಡ ನಿಂತಳು. "ಗಂಡನ ಅಂಗಿ ತೊಟ್ಟು ಗದ್ದೆಗಾ? ಊರು ಏನನ್ನುತ್ತೆ ಅಕ್ಕಾ?"

"ಊರು ಬಂದು ಬಾತು ಹೊಡೆದುಕೊಂಡು ಬರುತ್ತಾ?"

ಸರಿದಳು. ತೋಡು ದಾಟಿ ಗದ್ದೆಗೆ ಇಳಿದೆ.

ಜಿಸ್ಮಿ ಪಂಪ್‌ಮನೆಯ ಮೇಲಿಂದ ಕೈ ತೋರಿಸಿದಳು. ಎಡಕ್ಕೆ ಅಂದರೆ ಎಡಕ್ಕೆ. ನಿಲ್ಲಿ ಅಂದರೆ ನಿಂತೆ. ಕೆಸರಲ್ಲಿ ಅವರ ಹೆಜ್ಜೆ ಉಳಿದಿರಲಿಲ್ಲ. ಆದರೆ ಅವರು ಇಟ್ಟ ಕಡೆಯೇ ನಾನೂ ಇಡುತ್ತಿದ್ದೇನೆ ಅಂತ ಗೊತ್ತಿತ್ತು. ಒಂದು ಗುಂಪು ಬಂತು. ಇನ್ನೊಂದು ಸೇರಿತು. ಮೂರನೆಯದು ದೂರ ಪಂಪಿನ ಕಾಲುವೆ ಹತ್ತಿರ ಹೋಯಿತು. ಕಾಲು ಓಡು ಅಂದಿತು. ಓಡಲಿಲ್ಲ.

ತೆಂಗಿನ ಮರದ ಹತ್ತಿರ ಬೆನ್ನು ತಿರುಗಿಸಿ ನಿಂತೆ. ಮರದ ಬುಡದಲ್ಲಿ ಬೀಡಿಯ ತುಂಡುಗಳಿದ್ದವು. ಬೈಗುಳ ಬಾಯಿಗೆ ಬಂತು. ಯಾರನ್ನು ಬೈಯಲಿ?

ಹತ್ತು ನಿಮಿಷ ದೊಡ್ಡದು. ಆಮೇಲೆ ಹಿಂದೆ ಕೆಸರಿನ ಚಪ ಚಪ ಕೇಳಿತು. ಮೊದಲು ಸ್ವಲ್ಪ, ಆಮೇಲೆ ತುಂಬ. ನನ್ನ ಎರಡೂ ಪಕ್ಕದಿಂದ ಹಾದು ತೋಡಿಗೆ ಇಳಿದವು. ಕತ್ತಲಾಗುವ ಮುಂಚೆ ಎಲ್ಲ ಮನೆಯ ಪಕ್ಕದ ಬಲೆ ಬೇಲಿಯೊಳಗಿದ್ದವು. ಆಚೆ ದಡದಲ್ಲಿ ವರ್ಕಿ ಟೋಪಿ ತೆಗೆದು ನಿಂತಿದ್ದ.

ಜಿಸ್ಮಿ ಈಗಲೂ ಬರುತ್ತಾಳೆ. ಹದಿನಾಲ್ಕು ಪುಟ ಹರಿದು ಹಾಕಲಿಲ್ಲವಂತೆ, ತಿದ್ದಿದಳಂತೆ. ಅವಳ ದೊಡ್ಡ ಚುಕ್ಕಿ ಈಗ ನಿಲ್ಲುತ್ತದೆ. ಮುಂದಿನ ಮಳೆಗೆ ಆಳಿಲ್ಲದ ಆರು ದೋಣಿ ನೀರಿಗೆ ಇಳಿಸುತ್ತಾಳೆ. ನನ್ನನ್ನೂ ಕರೆದಿದ್ದಾಳೆ.

ಬೆಳಕು ಹರಿಯುವಾಗ ಬುಟ್ಟಿ ಹಿಡಿದು ಬಲೆ ಬೇಲಿಯೊಳಗೆ ಹೋಗುತ್ತೇನೆ. ಬಾತುಗಳು ಸರಿದು ದಾರಿ ಬಿಡುತ್ತವೆ. ಕೆಸರಲ್ಲಿ ಕೈಯಾಡಿಸಿ ಮೊಟ್ಟೆ ಆರಿಸುತ್ತೇನೆ. ಇನ್ನೂ ಬಿಸಿ ಇರುತ್ತವೆ. ತೋಡಿನ ನೀರಲ್ಲಿ ಒಂದೊಂದಾಗಿ ತೊಳೆದು ಬುಟ್ಟಿಗೆ ಇಡುತ್ತೇನೆ.